ಸವಾರನ ಎರಡನೆಯ ಚರ್ಮ

ದ್ವಿಚಕ್ರ ವಾಹನದಿಂದ ಜಾರಿ ಬಿದ್ದವರು ಎದ್ದು ನಿಂತ ಕೂಡಲೇ ಮಾಡುವ ಮೊದಲ ಕೆಲಸ ಅಂಗೈ ನೋಡಿಕೊಳ್ಳುವುದು. ಆಮೇಲೆ ಮೊಣಕೈ, ಆಮೇಲೆ ಮಂಡಿ. ಬೀಳುವಾಗ ಕೈ ತಾನಾಗಿಯೇ ಮುಂದಕ್ಕೆ ಹೋಗುತ್ತದೆ. ಅದು ಪ್ರತಿವರ್ತನ ಕ್ರಿಯೆ. ನಮ್ಮ ಅನುಮತಿಗಾಗಿ ಕಾಯುವುದಿಲ್ಲ. ಕಾರಿನಲ್ಲಿ ಕುಳಿತವನ ಸುತ್ತ ಉಕ್ಕಿನ ಗೂಡು ಇರುತ್ತದೆ, ಸೀಟು ಬೆಲ್ಟ್ ಇರುತ್ತದೆ. ಮೋಟಾರ್‌ಸೈಕಲ್ ಸವಾರನಿಗೆ ಇರುವುದು ಅವನು ತೊಟ್ಟ ಬಟ್ಟೆ ಮಾತ್ರ. ಹಾಗಾದರೆ ಆ ಬಟ್ಟೆ ಯಾವುದರದ್ದಾಗಿರಬೇಕು? ಎಷ್ಟು ದಪ್ಪ ಇರಬೇಕು? ಎಲ್ಲಿ ಮೆತ್ತೆ ಬೇಕು, ಎಲ್ಲಿ ಬೇಡ?

ಇಂದು ದೊಡ್ಡ ಊರುಗಳ ಅಂಗಡಿಗಳಲ್ಲಿ ಸವಾರರ ಜಾಕೆಟ್‌ಗಳು ಸಾಲಾಗಿ ತೂಗುತ್ತವೆ. ಕೊಳ್ಳುವ ತರುಣ ಮೊದಲು ಬಣ್ಣ ನೋಡುತ್ತಾನೆ, ಆಮೇಲೆ ಬೆಲೆ ನೋಡುತ್ತಾನೆ. ಒಳಗೆ ಹೊಲಿದಿರುವ ಪುಟ್ಟ ಚೀಟಿಯನ್ನು ಓದುವವರು ಕಡಿಮೆ. ಆದರೆ ಆ ಚೀಟಿಯ ಮೇಲಿರುವ ಸಂಖ್ಯೆಗಳ ಹಿಂದೆ ಸುಮಾರು ನೂರು ವರ್ಷಗಳ ಇತಿಹಾಸವಿದೆ. ಅದರಲ್ಲಿ ವೈದ್ಯರಿದ್ದಾರೆ, ಭೌತವಿಜ್ಞಾನಿಗಳಿದ್ದಾರೆ, ಎಲುಬು ಮುರಿದುಕೊಂಡ ರೇಸ್ ಸವಾರರಿದ್ದಾರೆ.

ಚಳಿಗಾಗಿ ತೊಟ್ಟ ಅಂಗಿ

ಜರ್ಮನಿಯ ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೇಬ್ಯಾಕ್ 1885ರಲ್ಲಿ ಪೆಟ್ರೋಲ್ ಎಂಜಿನ್ ಕೂರಿಸಿದ ಮರದ ದ್ವಿಚಕ್ರ ವಾಹನವನ್ನು ನಿರ್ಮಿಸಿದರು. ಅದರ ವೇಗ ಗಂಟೆಗೆ ಸುಮಾರು 11 ಕಿ.ಮೀ. ನಡೆಯುವವನು ಓಡಿದರೆ ಹಿಡಿಯಬಹುದಾದ ಆ ವಾಹನಕ್ಕೆ ಕವಚದ ಮಾತೇ ಇರಲಿಲ್ಲ. ಮೂವತ್ತು ವರ್ಷ ಕಳೆಯುವುದರೊಳಗೆ ರೇಸ್ ಪಥಗಳಲ್ಲಿ ಮೋಟಾರ್‌ಸೈಕಲ್‌ಗಳು ಗಂಟೆಗೆ 100 ಕಿ.ಮೀ. ದಾಟಿದ್ದವು. ಆಗ ಸವಾರರು ಚರ್ಮದ ಕೋಟು ತೊಡಲು ಆರಂಭಿಸಿದರು. ಅದು ಬಿದ್ದರೆ ಕಾಪಾಡಲಿ ಎಂದಲ್ಲ. ಗಾಳಿ ತಡೆಯಲಿ ಎಂದು. ವಿಮಾನ ಚಾಲಕರ ಕೋಟೂ ಇದೇ ಕಾರಣಕ್ಕೆ ಚರ್ಮದ್ದಾಗಿತ್ತು.

ಇದು ಮುಂದೆಯೂ ಹಾಗೆಯೇ ನಡೆಯಿತು. ನ್ಯೂಯಾರ್ಕ್‌ನ ಇರ್ವಿಂಗ್ ಷಾಟ್ 1928ರಲ್ಲಿ ಎದೆಯ ಮೇಲೆ ಓರೆಯಾಗಿ ಜಿಪ್ ಇಟ್ಟು ಹೊಲಿದ 'ಪರ್ಫೆಕ್ಟೊ' ಎಂಬ ಚರ್ಮದ ಜಾಕೆಟ್ ಸವಾರರಿಗೆಂದೇ ಮಾರಾಟಕ್ಕೆ ಬಂತು. ಮುಂದೆ ಬಾಗಿ ಕುಳಿತಾಗ ಗಾಳಿ ಒಳಗೆ ನುಗ್ಗದಂತೆ, ಜಿಪ್ಪು ಹೊಟ್ಟೆಗೆ ಒತ್ತದಂತೆ ಆ ವಿನ್ಯಾಸ. ಬ್ರಿಟನ್ನಿನಲ್ಲಿ 1936ರ ಸುಮಾರಿಗೆ ಮೇಣ ಸವರಿದ ಹತ್ತಿಬಟ್ಟೆಯ ಬಾರ್ಬರ್ ಉಡುಪು ಬಂತು; ಅದು ಮಳೆಗಾಗಿ. ಇನ್ನೂ ಸ್ವಾರಸ್ಯವೆಂದರೆ ಇಂದು ಎಲ್ಲ ರೇಸ್ ಸವಾರರೂ ತೊಡುವ, ಕತ್ತಿನಿಂದ ಹಿಮ್ಮಡಿಯವರೆಗೆ ಒಂದೇ ತುಂಡಾಗಿರುವ ಚರ್ಮದ ಉಡುಪಿನದು. ಅದನ್ನು 1950ರಲ್ಲಿ ಮೊದಲು ತೊಟ್ಟು ಹೆಸರಾದವರು ಇಂಗ್ಲೆಂಡಿನ ರೇಸ್ ಸವಾರ ಜೆಫ್ ಡ್ಯೂಕ್. ಅವರಿಗೆ ಬೇಕಾಗಿದ್ದುದು ರಕ್ಷಣೆಯಲ್ಲ, ವೇಗ. ಸಡಿಲ ಬಟ್ಟೆ ಗಾಳಿಯಲ್ಲಿ ಪಟಪಟ ಬಡಿದು ಎಳೆತ ಹೆಚ್ಚಿಸುತ್ತದೆ. ಮೈಗೆ ಅಂಟಿದ ಚರ್ಮ ಅದನ್ನು ಕಡಿಮೆ ಮಾಡುತ್ತದೆ. ರಕ್ಷಣೆ ಅದರ ಜೊತೆಗೆ ಉಚಿತವಾಗಿ ಬಂತು.

ನಮ್ಮ ಪ್ರೌಢಶಾಲೆಯ ಗಣಿತದ ಮೇಷ್ಟ್ರು ಡಿಸೆಂಬರ್‌ನ ಬೆಳಗ್ಗೆ ಎಜ್ಡಿಯಲ್ಲಿ ಬರುವಾಗ ಅಂಗಿಯ ಒಳಗೆ ಎದೆಗೆ ಅಡ್ಡವಾಗಿ ಹಿಂದಿನ ದಿನದ ದಿನಪತ್ರಿಕೆಯನ್ನು ಸಿಕ್ಕಿಸಿಕೊಂಡು ಬರುತ್ತಿದ್ದರು. ಪುಟಗಳ ನಡುವೆ ನಿಂತ ಗಾಳಿ ಒಳ್ಳೆಯ ಉಷ್ಣ ನಿರೋಧಕ ಎಂದು ಅವರೇ ನಮಗೆ ವಿವರಿಸಿದ್ದರು. ಚಳಿಗೆ ಅದು ಸಾಕು. ಡಾಂಬರಿಗೆ ಏನೂ ಸಾಲದು.

ಮೊದಲು ತಲೆ

ಬಿದ್ದಾಗ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದವರು ವೈದ್ಯರು. ಅವರು ಆರಂಭಿಸಿದ್ದು ತಲೆಯಿಂದ. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಪಥದ ವೈದ್ಯ ಎರಿಕ್ ಗಾರ್ಡ್ನರ್ ತಲೆಗೆ ಪೆಟ್ಟಾದ ಸವಾರರನ್ನು ಮೇಲಿಂದ ಮೇಲೆ ನೋಡಿ ಬೇಸತ್ತು, ಕ್ಯಾನ್ವಾಸ್ ಬಟ್ಟೆಗೆ ಅರಗು ಹಚ್ಚಿ ಗಟ್ಟಿಗೊಳಿಸಿದ ಹೆಲ್ಮೆಟ್ ಮಾಡಿಸಿದರು. 1914ರ ಐಲ್ ಆಫ್ ಮ್ಯಾನ್ ರೇಸ್‌ನಲ್ಲಿ ಅದು ಕಡ್ಡಾಯವಾಯಿತು. ಆದರೆ ಸಾಮಾನ್ಯ ರಸ್ತೆಯ ಸವಾರನಿಗೆ ಅದು ತಲುಪಲಿಲ್ಲ.

1935ರ ಮೇ 13ರಂದು, 'ಅರೇಬಿಯದ ಲಾರೆನ್ಸ್' ಎಂದು ಹೆಸರಾಗಿದ್ದ ಟಿ.ಇ. ಲಾರೆನ್ಸ್ ತಮ್ಮ ಬ್ರೋ ಸುಪೀರಿಯರ್ ಮೋಟಾರ್‌ಸೈಕಲ್‌ನಿಂದ ಡಾರ್ಸೆಟ್‌ನ ಹಳ್ಳಿಯ ರಸ್ತೆಯಲ್ಲಿ ಬಿದ್ದರು. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಪ್ರಜ್ಞೆ ಮರಳದೆ ಆರು ದಿನಗಳ ನಂತರ ತೀರಿಕೊಂಡರು. ಅವರನ್ನು ನೋಡಲು ಕರೆಸಿದ್ದ ವೈದ್ಯರಲ್ಲಿ ಆಸ್ಟ್ರೇಲಿಯ ಮೂಲದ ನರಶಸ್ತ್ರವೈದ್ಯ ಹ್ಯೂ ಕೇರ್ನ್ಸ್ ಒಬ್ಬರು. ಕೆಲವು ವರ್ಷಗಳಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಬ್ರಿಟಿಷ್ ಸೇನೆಯ ಸುದ್ದಿವಾಹಕರು ದೀಪ ಆರಿಸಿದ ರಸ್ತೆಗಳಲ್ಲಿ ಮೋಟಾರ್‌ಸೈಕಲ್ ಓಡಿಸಬೇಕಾಗಿತ್ತು. ಕೇರ್ನ್ಸ್ ಎಣಿಕೆಗೆ ಕುಳಿತರು. ಯುದ್ಧಕ್ಕೆ ಮುಂಚಿನ 21 ತಿಂಗಳಲ್ಲಿ ಬ್ರಿಟನ್ನಿನಲ್ಲಿ ಸತ್ತ ಸವಾರರು ಮತ್ತು ಹಿಂಬದಿ ಸವಾರರು 1884. ಯುದ್ಧದ ಮೊದಲ 21 ತಿಂಗಳಲ್ಲಿ 2279. ಪೆಟ್ರೋಲ್ ಪಡಿತರವಿದ್ದು ರಸ್ತೆಯಲ್ಲಿ ವಾಹನಗಳು ಕಡಿಮೆಯಾಗಿದ್ದರೂ ಹೀಗೆ. ಹೆಲ್ಮೆಟ್ ತೊಟ್ಟು ತಲೆಗೆ ಪೆಟ್ಟಾದವರು ಅವರಿಗೆ ಸಿಕ್ಕಿದ್ದು ಏಳೇ ಮಂದಿ. ಏಳೂ ಮಂದಿ ಬದುಕಿದ್ದರು. 1941ರಲ್ಲಿ ಈ ಪ್ರಬಂಧ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಅದೇ ವರ್ಷದ ಕೊನೆಯ ವೇಳೆಗೆ ಸೇನೆ ತನ್ನ ಸುದ್ದಿವಾಹಕರಿಗೆ ಹೆಲ್ಮೆಟ್ ಕಡ್ಡಾಯಗೊಳಿಸಿತು. ಬ್ರಿಟನ್ನಿನ ನಾಗರಿಕರಿಗೆ ಅದು ಕಡ್ಡಾಯವಾದದ್ದು 1973ರಲ್ಲಿ. ಏಳು ಮಂದಿ ಎಂಬುದು ಬಹಳ ಸಣ್ಣ ಸಂಖ್ಯೆ ಎಂದು ವಿದ್ಯಾರ್ಥಿಗಳು ಗಮನಿಸಿರಬಹುದು. ಕೇರ್ನ್ಸ್‌ಗೂ ಅದು ಗೊತ್ತಿತ್ತು. ಅದಕ್ಕೇ ಅವರು ಆಕ್ಸ್‌ಫರ್ಡ್‌ನ ಭೌತವಿಜ್ಞಾನಿ ಹೋಲ್‌ಬೋರ್ನ್ ಜೊತೆ ಸೇರಿ 1943ರಲ್ಲಿ, ಹೆಲ್ಮೆಟ್ ತೊಟ್ಟವರ ನೂರಕ್ಕೂ ಹೆಚ್ಚು ಅಪಘಾತಗಳನ್ನು ಪರಿಶೀಲಿಸಿದ ಇನ್ನೊಂದು ಪ್ರಬಂಧ ಬರೆದರು.

ಮುಂದಿನ ಹೆಜ್ಜೆ ಇಟ್ಟವರು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಲೊಂಬಾರ್ಡ್ ಮತ್ತು ಹರ್ಮನ್ ರಾತ್. ಅವರ ಹೆಲ್ಮೆಟ್‌ಗೆ 1953ರಲ್ಲಿ ಪೇಟೆಂಟ್ ದೊರೆಯಿತು. ಹೊರಗೆ ಗಟ್ಟಿ ಚಿಪ್ಪು, ಒಳಗೆ ಪೆಟ್ಟಿಗೆ ಕುಗ್ಗುವ, ಕುಗ್ಗಿದ ಮೇಲೆ ಪುಟಿದು ಹಿಂದಕ್ಕೆ ಬಾರದ ನೊರೆ ಪದಾರ್ಥ. ಚಿಪ್ಪು ಪೆಟ್ಟನ್ನು ಹರಡುತ್ತದೆ. ನೊರೆ ನಿಲ್ಲುವ ಅವಧಿಯನ್ನು ಹಿಗ್ಗಿಸುತ್ತದೆ. ಸವಾರನ ಭುಜ, ಮಂಡಿಗಳಿಗೆ ಮುಂದೆ ಬಂದ ಎಲ್ಲ ಮೆತ್ತೆಗಳ ಮೂಲ ತತ್ತ್ವ ಇದೇ. ಗಟ್ಟಿ ಉಕ್ಕಿನ ಕವಚ ತೊಟ್ಟ ಹಳೆಯ ಕಾಲದ ಯೋಧನನ್ನು ಮೋಟಾರ್‌ಸೈಕಲ್ ಮೇಲೆ ಕೂರಿಸಿದರೆ ಅವನ ಚರ್ಮ ತರಚುವುದಿಲ್ಲ, ಆದರೆ ಒಳಗಿನ ಎಲುಬಿಗೆ ನೆಲದ ಪೆಟ್ಟು ಬಹುಪಾಲು ಹಾಗೆಯೇ ತಲುಪುತ್ತದೆ. ಕತ್ತಿಗೆ ಮಾಡಿದ ಕವಚ ಬೇರೆ, ರಸ್ತೆಗೆ ಬೇಕಾದ ಕವಚ ಬೇರೆ.

ಎರಡು ವೇಗಗಳು

ಇಲ್ಲಿ ತರಗತಿಯಲ್ಲಿ ಚರ್ಚಿಸಬಹುದಾದ ಒಂದು ವಿಷಯವಿದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದ ಸವಾರ ಜಾರಿ ಬಿದ್ದ ಎನ್ನೋಣ. ಅವನ ಭುಜ ನೆಲಕ್ಕೆ ಬಡಿಯುವ ವೇಗ ಎಷ್ಟು? ಬಹುಪಾಲು ವಿದ್ಯಾರ್ಥಿಗಳು 50 ಎನ್ನುತ್ತಾರೆ. ಅದು ತಪ್ಪು. 50 ಕಿ.ಮೀ. ಎಂಬುದು ಸಮತಲ ದಿಕ್ಕಿನ ವೇಗ. ಕೆಳಮುಖ ವೇಗ ಅವನ ಭುಜ ಎಷ್ಟು ಎತ್ತರದಿಂದ ಬಿತ್ತು ಎಂಬುದನ್ನು ಮಾತ್ರ ಅವಲಂಬಿಸಿದೆ. ಒಂದು ಮೀಟರ್ ಎತ್ತರದಿಂದ ಬಿದ್ದರೆ ಅದು ಸೆಕೆಂಡಿಗೆ ಸುಮಾರು 4.4 ಮೀಟರ್, ಅಂದರೆ ಗಂಟೆಗೆ 16 ಕಿ.ಮೀ. ವಾಹನ ನಿಂತಲ್ಲೇ ಮಗುಚಿದರೂ ಅಷ್ಟೇ, ರೇಸ್ ಪಥದಲ್ಲಿ ಜಾರಿದರೂ ಅಷ್ಟೇ. ಇದು ಕಂಬಕ್ಕೋ ಲಾರಿಗೋ ಡಿಕ್ಕಿ ಹೊಡೆಯದಿದ್ದರೆ ಮಾತ್ರ ಎಂಬುದನ್ನು ಮರೆಯಬಾರದು.

ಸಮತಲ ವೇಗ ಎಲ್ಲಿಗೆ ಹೋಗುತ್ತದೆ? ಅದನ್ನು ರಸ್ತೆಯ ಘರ್ಷಣೆ ಕರಗಿಸಬೇಕು. ಬಟ್ಟೆ ಮತ್ತು ಡಾಂಬರಿನ ನಡುವಿನ ಘರ್ಷಣಾಂಕವನ್ನು 0.6 ಎಂದು ಹಿಡಿದು ಲೆಕ್ಕ ಮಾಡಿ. 50 ಕಿ.ಮೀ. ವೇಗದಲ್ಲಿ ಬಿದ್ದವನು ಸುಮಾರು 16 ಮೀಟರ್ ದೂರ, ಎರಡೂಕಾಲು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಕಾಲ ಜಾರುತ್ತಾನೆ. ವೇಗ 72 ಕಿ.ಮೀ. ಆದರೆ ದೂರ 34 ಮೀಟರ್, ಕಾಲ ಸುಮಾರು ಮೂರೂವರೆ ಸೆಕೆಂಡ್. ಆದ್ದರಿಂದ ಕವಚಕ್ಕೆ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು, ಬಿದ್ದ ಕ್ಷಣದ ಪೆಟ್ಟನ್ನು ತಗ್ಗಿಸುವುದು. ಇನ್ನೊಂದು, ಆಮೇಲಿನ ಮೂರು ಸೆಕೆಂಡುಗಳ ಕಾಲ ಹರಿಯದೆ ಉಳಿಯುವುದು. ಒಂದೇ ಪದಾರ್ಥ ಎರಡನ್ನೂ ಚೆನ್ನಾಗಿ ಮಾಡುವುದು ಅಪರೂಪ.

ನಿಜವಾದ ಅಪಘಾತಗಳು ಎಷ್ಟು ವೇಗದಲ್ಲಿ ನಡೆಯುತ್ತವೆ ಎಂಬುದಕ್ಕೆ ಮೊದಲ ದೊಡ್ಡ ಉತ್ತರ 1981ರಲ್ಲಿ ಬಂತು. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್ ಪ್ರದೇಶದಲ್ಲಿ 900 ಮೋಟಾರ್‌ಸೈಕಲ್ ಅಪಘಾತಗಳ ಸ್ಥಳಕ್ಕೆ ಹೋಗಿ ಪರಿಶೀಲಿಸಿದರು. ಜೊತೆಗೆ 3600 ಪೊಲೀಸ್ ವರದಿಗಳನ್ನು ಓದಿದರು. ಡಿಕ್ಕಿಯ ಕ್ಷಣದ ಮಧ್ಯಾಂಕ ವೇಗ ಗಂಟೆಗೆ ಸುಮಾರು 35 ಕಿ.ಮೀ. ಮಾತ್ರ ಎಂದು ತಿಳಿದುಬಂತು. ಭಾರಿ ವೇಗದ ಅಪಘಾತಗಳು ಬಹಳ ವಿರಳ. ಎಂದರೆ ದೈನಂದಿನ ಓಡಾಟದ ವೇಗವೇ ಅಪಾಯದ ವೇಗ. ದಪ್ಪ ಜಾಕೆಟ್, ಬೂಟು, ಕೈಗವಸುಗಳು ತರಚು ಮತ್ತು ಸೀಳು ಗಾಯಗಳನ್ನು ತಡೆಯುತ್ತವೆ ಎಂದೂ ವರದಿ ಹೇಳಿತು. ಆದರೆ ಇವು ಆಗಾಗ ಆಗುವ, ಜೀವಕ್ಕೆ ಕುತ್ತಾಗುವುದು ಕಡಿಮೆ ಇರುವ ಗಾಯಗಳು ಎಂಬ ಮಾತನ್ನೂ ಸೇರಿಸಿತು. ಈ ಪ್ರಾಮಾಣಿಕ ಟಿಪ್ಪಣಿಯನ್ನು ಜಾಕೆಟ್ ಮಾರುವವರು ಹೆಚ್ಚಾಗಿ ಉದ್ಧರಿಸುವುದಿಲ್ಲ.

ಕೇಂಬ್ರಿಜ್‌ನ ಉಜ್ಜುಯಂತ್ರ

ನನ್ನ ದೃಷ್ಟಿಯಲ್ಲಿ ಈ ಕಥೆಯ ಅತಿ ಸುಂದರ ಪ್ರಯೋಗ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಶರೀರಕ್ರಿಯಾ ವಿಜ್ಞಾನ ವಿಭಾಗದಲ್ಲಿದ್ದ ರೊಡೆರಿಕ್ ವುಡ್ಸ್ ಅವರದು. 1990ರ ದಶಕದಲ್ಲಿ ಅವರು ಅಪಘಾತಕ್ಕೆ ಸಿಕ್ಕ ಸವಾರರ ಉಡುಪುಗಳಲ್ಲಿ ಎಲ್ಲಿ ಸವೆದಿದೆ, ಎಲ್ಲಿ ತೂತಾಗಿದೆ, ಎಲ್ಲಿ ಹೊಲಿಗೆ ಬಿಚ್ಚಿದೆ ಎಂದು ಗುರುತಿಸಿದರು. ದೇಹವನ್ನು ನಾಲ್ಕು ವಲಯಗಳಾಗಿ ವಿಂಗಡಿಸುವ ಆಲೋಚನೆ ಹೀಗೆ ಬಂತು. ಭುಜ, ಮೊಣಕೈ, ಸೊಂಟದ ಪಕ್ಕ, ಮಂಡಿ ಇವು ಮೊದಲ ವಲಯ: ಇಲ್ಲಿ ಪೆಟ್ಟೂ ಇದೆ, ಉಜ್ಜುವಿಕೆಯೂ ಇದೆ. ಪೃಷ್ಠ, ತೋಳಿನ ಹೊರಭಾಗದಂಥವು ಎರಡನೆಯ ವಲಯ. ತೋಳಿನ ಮತ್ತು ತೊಡೆಯ ಒಳಭಾಗದಂಥ ಕಡೆ ಉಜ್ಜುವಿಕೆ ಕಡಿಮೆ; ಅಲ್ಲಿ ತೆಳು ಬಟ್ಟೆ, ಗಾಳಿ ಆಡುವ ಜಾಲರಿ ಸಾಕು.

ಬಟ್ಟೆಯನ್ನು ಪರೀಕ್ಷಿಸಲು ಅವರು ರೂಪಿಸಿದ ಯಂತ್ರದಲ್ಲಿ 60 ನಂಬರಿನ ಮರಳುಕಾಗದದಂಥ ಪಟ್ಟಿ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಬಟ್ಟೆಯ ತುಣುಕನ್ನು ಹಿಡಿದ ತೋಳು 50 ಮಿಲಿಮೀಟರ್ ಎತ್ತರದಿಂದ ಅದರ ಮೇಲೆ ಬೀಳುತ್ತದೆ. ತುಣುಕಿನ ಹೊರಗೊಂದು, ಒಳಗೊಂದು ತೆಳು ತಾಮ್ರದ ತಂತಿ. ಪಟ್ಟಿ ತಾಕಿದ ಕೂಡಲೇ ಹೊರತಂತಿ ಕಡಿದು ಗಡಿಯಾರ ಓಡತೊಡಗುತ್ತದೆ. ಬಟ್ಟೆ ತೂತಾಗಿ ಒಳತಂತಿ ಕಡಿದಾಗ ಗಡಿಯಾರ ನಿಲ್ಲುತ್ತದೆ. ಅಷ್ಟೇ. ಬಟ್ಟೆಯ ಗುಣವೆಲ್ಲ ಒಂದು ಸಂಖ್ಯೆಯಾಗಿ, ಸೆಕೆಂಡುಗಳಲ್ಲಿ, ಹೊರಬರುತ್ತದೆ. ಸಾಮಾನ್ಯ ಜೀನ್ಸ್ ಬಟ್ಟೆ ಒಂದು ಸೆಕೆಂಡೂ ನಿಲ್ಲಲಿಲ್ಲ. ಒಳ್ಳೆಯ ದಪ್ಪ ಹಸುವಿನ ಚರ್ಮ ನಾಲ್ಕು ಸೆಕೆಂಡು ದಾಟಿತು. ಈಗ ಮೇಲಿನ ಎರಡೂಕಾಲು ಸೆಕೆಂಡಿನ ಲೆಕ್ಕವನ್ನು ಮತ್ತೊಮ್ಮೆ ನೋಡಿ. ಯಂತ್ರ ಒಂದೇ ವೇಗದಲ್ಲಿ ಓಡುತ್ತದೆ, ಸವಾರ ನಿಧಾನವಾಗುತ್ತ ಹೋಗುತ್ತಾನೆ. ಆದ್ದರಿಂದ ಎರಡನ್ನೂ ನೇರವಾಗಿ ಹೋಲಿಸಬಾರದು. ಆದರೂ ಜೀನ್ಸ್ ಎಲ್ಲಿ ನಿಲ್ಲುತ್ತದೆ ಎಂಬುದಂತೂ ತಿಳಿಯುತ್ತದೆ.

ಚರ್ಮ ಏಕೆ ಇಷ್ಟು ಗಟ್ಟಿ? ನೇಯ್ದ ಬಟ್ಟೆಯಲ್ಲಿ ಎಳೆಗಳು ಹಾಸು-ಹೊಕ್ಕಾಗಿ ಎರಡೇ ದಿಕ್ಕಿನಲ್ಲಿರುತ್ತವೆ. ಒಂದು ಎಳೆ ಕಡಿದರೆ ಪಕ್ಕದ್ದು ಸಡಿಲವಾಗುತ್ತದೆ. ಚರ್ಮದಲ್ಲಿ ಕೊಲ್ಲಾಜೆನ್ ನಾರುಗಳು ಮೂರೂ ಆಯಾಮಗಳಲ್ಲಿ ಹೆಣೆದುಕೊಂಡಿರುತ್ತವೆ. ಮೇಲಿನ ಪದರ ಸವೆದರೂ ಕೆಳಗಿನದು ಬಿಚ್ಚಿಕೊಳ್ಳುವುದಿಲ್ಲ. ಅದು ಕರಗುವುದೂ ಇಲ್ಲ. ನೈಲಾನ್, ಪಾಲಿಯೆಸ್ಟರ್‌ಗಳ ಕಷ್ಟ ಇಲ್ಲಿದೆ: ಘರ್ಷಣೆಯ ಶಾಖಕ್ಕೆ ಅವು ಮೆದುವಾಗಿ ಕರಗಬಲ್ಲವು, ಕರಗಿದ ಒಳಪದರ ಗಾಯಕ್ಕೆ ಅಂಟಿದರೆ ಅದು ಸುಟ್ಟಗಾಯವೂ ಆಗುತ್ತದೆ. ಡುಪಾಂಟ್ ಕಂಪನಿಯಲ್ಲಿ ಸ್ಟೆಫನಿ ಕ್ವೊಲೆಕ್ 1965ರಲ್ಲಿ ಕಂಡುಹಿಡಿದ ಕೆವ್ಲಾರ್‌ನಂಥ ಅರಾಮಿಡ್ ನಾರುಗಳು ಕರಗುವುದಿಲ್ಲ. ಸವಾರರ ಜೀನ್ಸ್‌ಗೆ ಅವುಗಳ ಒಳಪದರ ಕೊಡುವ ಪದ್ಧತಿ ಬಂದದ್ದು ಇದೇ ಕಾರಣಕ್ಕೆ. ಆದರೆ 'ಕೆವ್ಲಾರ್ ಇದೆ' ಎಂಬ ಮಾತು ಸಾಲದು. ಎಷ್ಟು ದಪ್ಪ, ಯಾವ ನೇಯ್ಗೆ, ದೇಹದ ಯಾವ ಯಾವ ಭಾಗಕ್ಕೆ ಎಂಬುದು ಮುಖ್ಯ. ಮಂಡಿಯ ಮೇಲೆ ಅಂಗೈಯಗಲ ಮಾತ್ರ ಇದ್ದರೆ ಸೊಂಟದ ಮೇಲೆ ಜಾರಿದವನಿಗೆ ಅದರಿಂದ ಏನು ಪ್ರಯೋಜನ?

ವುಡ್ಸ್ ಅವರ ಯಂತ್ರ ಮತ್ತು ವಲಯಗಳು 2002ರ ಯೂರೋಪಿನ ಇಎನ್ 13595 ಎಂಬ ಮಾನಕದಲ್ಲಿ ಸೇರಿದವು. ಮೊದಲ ಹಂತದ ಉಡುಪು ಮೊದಲೆರಡು ವಲಯಗಳಲ್ಲಿ 4 ಸೆಕೆಂಡು, ಎರಡನೆಯ ಹಂತದ್ದು 7 ಸೆಕೆಂಡು ತಾಳಬೇಕು. ನಾಲ್ಕನೆಯ ವಲಯಕ್ಕೆ ಒಂದು ಅಥವಾ ಒಂದೂವರೆ ಸೆಕೆಂಡು ಸಾಕು.

ಐದು ಕಿಲೋಗ್ರಾಮಿನ ಪೆಟ್ಟು

ಮೆತ್ತೆಗಳ ಮಾನಕ ಇದಕ್ಕಿಂತ ಮೊದಲೇ, 1997ರಲ್ಲಿ, ಬಂದಿತ್ತು. ಅದರ ಹೆಸರು ಇಎನ್ 1621-1. ಮೆತ್ತೆಯನ್ನು ಉಕ್ಕಿನ ಗುಮ್ಮಟದ ಮೇಲಿಟ್ಟು ಅದರ ಮೇಲೆ 5 ಕಿಲೋಗ್ರಾಮ್ ತೂಕದ ಗುಂಡನ್ನು ಸುಮಾರು ಒಂದು ಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಶಕ್ತಿ 50 ಜೂಲ್. ಕೆಳಗೆ ದಾಟಿ ಬರುವ ಬಲದ ಸರಾಸರಿ 35 ಕಿಲೋನ್ಯೂಟನ್ ಮೀರಬಾರದು. 2012ರಲ್ಲಿ ಪರಿಷ್ಕರಿಸಿದಾಗ 20 ಕಿಲೋನ್ಯೂಟನ್‌ನ ಎರಡನೆಯ ಹಂತವೊಂದು ಸೇರಿತು.

ದಪ್ಪ ಏಕೆ ಮುಖ್ಯ ಎಂಬುದಕ್ಕೆ ಸರಳ ಲೆಕ್ಕ ಸಾಕು. 50 ಜೂಲ್ ಶಕ್ತಿಯನ್ನು 2 ಮಿಲಿಮೀಟರ್ ದೂರದಲ್ಲಿ ತಡೆದು ನಿಲ್ಲಿಸಿದರೆ ಸರಾಸರಿ ಬಲ 25 ಕಿಲೋನ್ಯೂಟನ್. 10 ಮಿಲಿಮೀಟರ್ ದೂರದಲ್ಲಿ ನಿಲ್ಲಿಸಿದರೆ 5 ಕಿಲೋನ್ಯೂಟನ್. ಗರಿಷ್ಠ ಬಲ ಸರಾಸರಿಗಿಂತ ಹೆಚ್ಚಿರುತ್ತದೆ, ಆದರೂ ಅನುಪಾತ ಸ್ಪಷ್ಟ. ಅಂಗಡಿಯಲ್ಲಿ ಸಿಗುವ ಅಗ್ಗದ ಜಾಕೆಟ್‌ಗಳಲ್ಲಿ ಕವಚವೆಂದು ತೋರಿಸುವ ತೆಳು ಸ್ಪಂಜನ್ನು ಎರಡು ಬೆರಳಿನಿಂದ ಹಿಸುಕಿ ನೋಡಿ. ಬೆರಳುಗಳು ಸುಲಭವಾಗಿ ಕೂಡಿದರೆ ನೆಲವೂ ಮೊಣಕೈಯೂ ಅಷ್ಟೇ ಸುಲಭವಾಗಿ ಕೂಡುತ್ತವೆ.

ಒಂದು ಸೂಚನೆ. 35 ಕಿಲೋನ್ಯೂಟನ್ ಎಂದರೆ ನಮ್ಮ ಎಲುಬಿಗೆ ತಲುಪುವ ಬಲ ಎಂದರ್ಥವಲ್ಲ. ಅದು ಅಲುಗಾಡದ ಉಕ್ಕಿನ ಮೇಲೆ ಅಳೆದದ್ದು. ದೇಹದಲ್ಲಿ ಮಾಂಸವಿದೆ, ಕೀಲುಗಳಿವೆ. ಅವೂ ಬಾಗಿ ಬಳುಕಿ ಬಲವನ್ನು ಕಡಿಮೆ ಮಾಡುತ್ತವೆ. ಮಾನಕದ ಸಂಖ್ಯೆ ಒಂದು ಮೆತ್ತೆಯನ್ನು ಇನ್ನೊಂದರೊಡನೆ ಹೋಲಿಸಲು ಇರುವ ಅಳತೆಗೋಲು.

ಬೆನ್ನಿನ ಕವಚದ ಕಥೆ ಪ್ರಯೋಗಾಲಯದ್ದಲ್ಲ. ಬ್ರಿಟನ್ನಿನ ರೇಸ್ ಸವಾರ ಬ್ಯಾರಿ ಶೀನ್ 1975ರಲ್ಲಿ ಅಮೆರಿಕದ ಡೇಟೋನಾ ಪಥದಲ್ಲಿ ಗಂಟೆಗೆ ಸುಮಾರು 280 ಕಿ.ಮೀ. ವೇಗದಲ್ಲಿದ್ದಾಗ ಬಿದ್ದರು. ತೊಡೆ, ತೋಳು, ಕೊರಳೆಲುಬು, ಪಕ್ಕೆಲುಬುಗಳು ಮುರಿದವು. ಏಳು ವಾರಗಳಲ್ಲಿ ಮತ್ತೆ ರೇಸ್‌ಗೆ ಮರಳಿದರು. 1976 ಮತ್ತು 1977ರಲ್ಲಿ ವಿಶ್ವ ಚಾಂಪಿಯನ್ ಆದರು. ಹಳೆಯ ಹೆಲ್ಮೆಟ್‌ಗಳ ಮುಂಗನ್ನಡಿಗಳನ್ನು ಒಂದರ ಮೇಲೊಂದು ಜೋಡಿಸಿ ಅವರು ಬೆನ್ನಿಗೆ ಕವಚ ಮಾಡಿಕೊಂಡಿದ್ದರೆಂದು ಹೇಳುತ್ತಾರೆ. ಇಟಲಿಯ ಡೈನೀಸ್ ಕಂಪನಿ 1970ರ ದಶಕದ ಕೊನೆಯಲ್ಲಿ ತಯಾರಿಸಿದ ಬೆನ್ನುಕವಚಕ್ಕೂ ಶೀನ್ ನಂಟಿದೆ. ಅದರ ಮಾದರಿ ಕಡಲೇಡಿಯ ಬೆನ್ನು: ಗಟ್ಟಿ ಫಲಕಗಳು ಒಂದರ ಮೇಲೊಂದು ಹೊದ್ದುಕೊಂಡಿದ್ದು, ಮುಂದಕ್ಕೆ ಬಾಗಲು ಬಿಡುತ್ತವೆ. ಬೆನ್ನಿನ ಮಾನಕ 2003ರಲ್ಲಿ ಬಂದಾಗ ಮಿತಿಯನ್ನು ಬಿಗಿಗೊಳಿಸಲಾಯಿತು: ಮೊದಲ ಹಂತಕ್ಕೆ 18 ಕಿಲೋನ್ಯೂಟನ್, ಎರಡನೆಯದಕ್ಕೆ 9. ಆದರೆ ಬೆನ್ನುಕವಚದಿಂದ ಬೆನ್ನುಹುರಿ ಉಳಿಯುತ್ತದೆ ಎಂದು ಭಾವಿಸುವುದು ಸರಿಯಲ್ಲ. ಬೆನ್ನುಹುರಿಯ ಗಾಯಗಳಲ್ಲಿ ಹೆಚ್ಚಿನವು ಬೆನ್ನಿಗೆ ನೇರ ಪೆಟ್ಟು ಬಿದ್ದು ಆಗುವುದಿಲ್ಲ; ಕತ್ತು, ಬೆನ್ನು ವಿಪರೀತ ಬಾಗಿದಾಗ, ತಿರುಚಿದಾಗ ಆಗುತ್ತವೆ. ಅದನ್ನು ಫಲಕ ತಡೆಯಲಾರದು.

ಹೊಸ ಶತಮಾನದಲ್ಲಿ ಮೆತ್ತೆಯ ಪದಾರ್ಥವೇ ಬದಲಾಯಿತು. ಬ್ರಿಟನ್ನಿನ ರಿಚರ್ಡ್ ಪಾಮರ್ ಅಭಿವೃದ್ಧಿಪಡಿಸಿದ ಡಿ3ಒ ಎಂಬ ಕಿತ್ತಳೆ ಬಣ್ಣದ ಪದಾರ್ಥ ನಿಧಾನವಾಗಿ ಒತ್ತಿದರೆ ಮೆದು, ಥಟ್ಟನೆ ಹೊಡೆದರೆ ಗಟ್ಟಿ. ಇದೇ ಬಗೆಯ ವರ್ತನೆಯನ್ನು ತರಗತಿಯಲ್ಲಿ ತೋರಿಸಲು ಕಾರ್ನ್‌ಫ್ಲೋರ್ ಸಾಕು. ಎರಡು ಬಟ್ಟಲು ಹಿಟ್ಟಿಗೆ ಸುಮಾರು ಒಂದು ಬಟ್ಟಲು ನೀರು ಬೆರೆಸಿ, ಬೆರಳನ್ನು ಮೆಲ್ಲನೆ ಇಳಿಸಿ, ಮುಳುಗುತ್ತದೆ. ಮುಷ್ಟಿಯಿಂದ ಗುದ್ದಿ, ತಡೆಯುತ್ತದೆ. ಇಂಥ ಮೆತ್ತೆ ಮೊಣಕೈಯ ಜೊತೆ ಬಾಗುವುದರಿಂದ ಸವಾರ ಅದನ್ನು ತೆಗೆದು ಮನೆಯಲ್ಲಿಡುವುದಿಲ್ಲ. ಅದೇ ಅದರ ದೊಡ್ಡ ಗುಣ ಎನ್ನಬಹುದು.

ಕ್ಯಾನ್‌ಬೆರಾದ 212 ಮಂದಿ

ಇಷ್ಟೆಲ್ಲ ಮಾನಕಗಳಾದರೂ ಒಂದು ಪ್ರಶ್ನೆ ಉಳಿದಿತ್ತು. ನಿಜವಾದ ರಸ್ತೆಯಲ್ಲಿ ಇವು ಕೆಲಸ ಮಾಡುತ್ತವೆಯೆ? ಆಸ್ಟ್ರೇಲಿಯದ ಲಿಜ್ ಡಿ ರೋಮ್ ಮತ್ತು ಸಂಗಡಿಗರು 2008-09ರಲ್ಲಿ ಕ್ಯಾನ್‌ಬೆರಾ ಪ್ರದೇಶದಲ್ಲಿ ಅಪಘಾತಕ್ಕೆ ಸಿಕ್ಕ 212 ಸವಾರರನ್ನು ಅಧ್ಯಯನ ಮಾಡಿದರು. ಅವರ ಜಾಣತನ ಗಮನಿಸಿ. ಆಸ್ಪತ್ರೆಯಲ್ಲಿ ಮಾತ್ರ ಹುಡುಕಿದ್ದರೆ ಗಾಯಗೊಂಡವರು ಮಾತ್ರ ಸಿಗುತ್ತಿದ್ದರು. ಬಟ್ಟೆ ಕಾಪಾಡಿದ್ದರಿಂದ ಆಸ್ಪತ್ರೆಗೆ ಹೋಗದವರು ಲೆಕ್ಕಕ್ಕೇ ಬರುತ್ತಿರಲಿಲ್ಲ. ಆದ್ದರಿಂದ ಅವರು ಮೋಟಾರ್‌ಸೈಕಲ್ ರಿಪೇರಿ ಅಂಗಡಿಗಳ ಮೂಲಕವೂ ಸವಾರರನ್ನು ಹುಡುಕಿದರು. ಗಾಡಿ ಜಖಂ ಆದವನು ಗ್ಯಾರೇಜಿಗಂತೂ ಬರಲೇಬೇಕಲ್ಲ!

2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಸವಾರರ ಜಾಕೆಟ್ ತೊಟ್ಟವರು ಆಸ್ಪತ್ರೆಗೆ ದಾಖಲಾಗುವ ಸಾಧ್ಯತೆ ಶೇ. 21ರಷ್ಟು ಕಡಿಮೆ. ಸವಾರರ ಪ್ಯಾಂಟ್ ತೊಟ್ಟವರಿಗೆ ಶೇ. 51, ಕೈಗವಸು ತೊಟ್ಟವರಿಗೆ ಶೇ. 59ರಷ್ಟು ಕಡಿಮೆ. ಮೆತ್ತೆಗಳಿದ್ದ ಉಡುಪಿನಲ್ಲಿ ಕೈ, ಕಾಲು, ಪಾದಗಳ ಗಾಯಗಳು ಗಮನಾರ್ಹವಾಗಿ ಕಡಿಮೆಯಾಗಿದ್ದವು. ಎಲ್ಲರೂ ಜಾಕೆಟ್ಟನ್ನೇ ಮೊದಲು ಕೊಳ್ಳುತ್ತಾರೆ. ಸಂಖ್ಯೆಗಳು ಕೈಗವಸು, ಪ್ಯಾಂಟುಗಳ ಕಡೆ ಬೆರಳು ಮಾಡುತ್ತವೆ. ಸವಾರರದ್ದಲ್ಲದ ಸಾಧಾರಣ ಬೂಟು ಕೂಡ ಬರಿ ಷೂಗಿಂತ ಮೇಲಾಗಿತ್ತು. ನಮ್ಮಲ್ಲಿ ಚಪ್ಪಲಿ ಹಾಕಿ ಗೇರು ಬದಲಿಸುವವರು ಇದನ್ನು ಗಮನಿಸಬೇಕು.

ಇನ್ನೆರಡು ಫಲಿತಾಂಶಗಳು ಅಷ್ಟು ಹಿತವಾಗಿರಲಿಲ್ಲ. ಮೊದಲನೆಯದು, ಮೆತ್ತೆಗೂ ಎಲುಬು ಮುರಿಯುವುದಕ್ಕೂ ಸಂಬಂಧ ಕಾಣಲಿಲ್ಲ. ಮೆತ್ತೆ ಇದ್ದವರ ಎಲುಬು ಕಡಿಮೆ ಮುರಿಯಿತು ಎಂದು ಹೇಳಲು ಆಗಲಿಲ್ಲ. ಎರಡನೆಯದು, ಅಪಘಾತದಲ್ಲಿ ಹರಿದು, ಬಿಚ್ಚಿ, ತೂತಾಗಿ ವಿಫಲವಾದ ಉಡುಪುಗಳ ಪ್ರಮಾಣ: ಜಾಕೆಟ್‌ಗಳಲ್ಲಿ ಶೇ. 29.7, ಪ್ಯಾಂಟ್‌ಗಳಲ್ಲಿ ಶೇ. 28.1, ಕೈಗವಸುಗಳಲ್ಲಿ ಶೇ. 25.7. ಸವಾರರಿಗೆಂದೇ ಮಾರಿದ ಸರಕು, ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಕೈಕೊಟ್ಟಿತ್ತು.

ಇದಕ್ಕೆ ಕಾರಣ ಕಾನೂನಿನ ಒಂದು ಸಂದಿಯಲ್ಲೂ ಇತ್ತು. 2018ಕ್ಕೆ ಮುಂಚೆ ಯೂರೋಪಿನಲ್ಲಿ ಅನೇಕ ಜಾಕೆಟ್‌ಗಳ ಒಳಗೆ 'ಸಿಇ' ಗುರುತು ಇರುತ್ತಿತ್ತು. ಕೊಂಡವನು ಜಾಕೆಟ್ ಪರೀಕ್ಷೆಗೆ ಒಳಗಾಗಿದೆ ಎಂದುಕೊಳ್ಳುತ್ತಿದ್ದ. ಗುರುತು ಇದ್ದದ್ದು ಮೊಣಕೈ ಮೆತ್ತೆಗೆ ಮಾತ್ರ. ಜಾಕೆಟ್ಟನ್ನು 'ಮಳೆ, ಚಳಿಗೆ' ಎಂದು ಮಾರಿದರೆ ಪರೀಕ್ಷೆ ಬೇಕಿರಲಿಲ್ಲ. 2018ರ ಏಪ್ರಿಲ್ 21ರಿಂದ ಜಾರಿಗೆ ಬಂದ ಯೂರೋಪಿನ ಹೊಸ ನಿಯಮದ ನಂತರ ಸವಾರರ ಉಡುಪನ್ನೆಲ್ಲ ರಕ್ಷಣಾ ಸಾಧನವೆಂದೇ ಪರಿಗಣಿಸತೊಡಗಿದರು. 2020ರಲ್ಲಿ ಇಎನ್ 17092 ಮಾನಕ ಬಂತು. ಇದರಲ್ಲಿ ಮೂರು ಎ, ಎರಡು ಎ, ಒಂದು ಎ ಎಂಬ ದರ್ಜೆಗಳಿವೆ. ಬಿ ದರ್ಜೆಯಲ್ಲಿ ಮೆತ್ತೆ ಇರುವುದಿಲ್ಲ. ಸಿ ಎಂದರೆ ಮೆತ್ತೆಗಳನ್ನು ಹಿಡಿದಿಡುವ ಒಳಉಡುಪು ಮಾತ್ರ. ಇಲ್ಲಿ ವುಡ್ಸ್ ಯಂತ್ರದ ಬದಲು ತಿರುಗುತ್ತಿರುವ ತುಣುಕನ್ನು ಕಾಂಕ್ರೀಟ್ ಮೇಲೆ ಬೀಳಿಸುವ ಬೇರೊಂದು ವಿಧಾನವಿದೆ. ಹಳೆಯ ಮಾನಕಕ್ಕಿಂತ ಇದರ ಕೆಳದರ್ಜೆಗಳು ಸಡಿಲ ಎಂಬ ಆಕ್ಷೇಪವಿದೆ, ಅದು ನನಗೂ ಸರಿ ಎನಿಸುತ್ತದೆ. ಆದರೆ ಮೊದಲು ಏನೂ ಪರೀಕ್ಷೆಯಿಲ್ಲದೆ ಮಾರುತ್ತಿದ್ದ ಉಡುಪುಗಳು ಈಗ ಒಂದಾದರೂ ಪರೀಕ್ಷೆಗೆ ಒಳಗಾಗುತ್ತಿವೆ.

ನಮ್ಮ ರಸ್ತೆ, ನಮ್ಮ ಬಿಸಿಲು

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಶೇ. 44.5 ದ್ವಿಚಕ್ರ ವಾಹನ ಸವಾರರು. ಹೆಲ್ಮೆಟ್ ಇಲ್ಲದೆ ಸತ್ತವರೇ ಸುಮಾರು 50 ಸಾವಿರ. 1988ರ ಮೋಟಾರು ವಾಹನ ಕಾಯಿದೆ ಹೆಲ್ಮೆಟನ್ನು ಕೇಳುತ್ತದೆ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಕಡ್ಡಾಯವೆಂಬ ನಿಯಮ 2016ರ ಜನವರಿಯಲ್ಲಿ ಬಂತು. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ. ತಲೆಯಿಂದ ಕೆಳಗೆ ಸವಾರ ಏನು ತೊಡಬೇಕು ಎಂಬ ಬಗ್ಗೆ ಕಾಯಿದೆ ಏನನ್ನೂ ಹೇಳುವುದಿಲ್ಲ. ಹಿಂದೆ ಕುಳಿತವರ ಸೀರೆ, ದುಪಟ್ಟಾ ಚಕ್ರಕ್ಕೆ ಸಿಕ್ಕದಂತೆ ಅರ್ಧ ಚಕ್ರ ಮುಚ್ಚುವ ಕವಚ ಇರಬೇಕೆಂದು 1989ರ ಕೇಂದ್ರ ನಿಯಮಗಳಲ್ಲಿದೆ. ಬಟ್ಟೆಯ ಬಗ್ಗೆ ನಮ್ಮ ನಿಯಮ ಯೋಚಿಸಿದ್ದು ಅಷ್ಟು. ಅದೂ ಬಟ್ಟೆಯಿಂದ ಆಗುವ ಅಪಾಯದ ಬಗ್ಗೆ.

ರೇಸ್ ಜಗತ್ತು ಇನ್ನೂ ಮುಂದೆ ಹೋಗಿದೆ. ಮೋಟೋಜಿಪಿ ಸ್ಪರ್ಧೆಯಲ್ಲಿ 2018ರಿಂದ ಉಡುಪಿನೊಳಗೆ ಗಾಳಿಚೀಲ ಕಡ್ಡಾಯ. ಸವಾರ ಬೀಳುತ್ತಿದ್ದಾನೆಂದು ವೇಗೋತ್ಕರ್ಷಮಾಪಕಗಳು ಗುರುತಿಸಿದ ಕೂಡಲೇ, ಅವನು ನೆಲ ಮುಟ್ಟುವ ಮೊದಲೇ, ಭುಜ ಮತ್ತು ಕೊರಳೆಲುಬಿನ ಸುತ್ತ ಚೀಲ ಉಬ್ಬುತ್ತದೆ. ಮಿಲಿಮೀಟರ್‌ಗಳ ಮೆತ್ತೆಗೆ ಬದಲು ಸೆಂಟಿಮೀಟರ್‌ಗಳ ಗಾಳಿ. ಮೇಲಿನ 50 ಜೂಲ್‌ಗಳ ಲೆಕ್ಕವನ್ನು ವಿದ್ಯಾರ್ಥಿಗಳು 50 ಮಿಲಿಮೀಟರ್‌ಗೆ ಮಾಡಿ ನೋಡಬಹುದು.

ನಮಗೆ ಹತ್ತಿರದ ತೊಡಕು ಬಿಸಿಲು. ದಪ್ಪ ಚರ್ಮದ ಉಡುಪಿನಲ್ಲಿ ಬೆವರು ಆರದೆ ಮೈ ಕಾಯ್ದರೆ ಸವಾರನ ಗಮನವೇ ತಪ್ಪುತ್ತದೆ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ 2018ರಲ್ಲಿ ಆರಂಭಿಸಿದ 'ಮೋಟೋಕ್ಯಾಪ್' ಯೋಜನೆ ಇದನ್ನು ಅರಿತು, ಅಂಗಡಿಯಿಂದ ಕೊಂಡ ಉಡುಪುಗಳಿಗೆ ರಕ್ಷಣೆಗೆ ಒಂದು, ಗಾಳಿಯಾಡುವಿಕೆಗೆ ಇನ್ನೊಂದು ಎಂದು ಬೇರೆ ಬೇರೆ ನಕ್ಷತ್ರಗಳನ್ನು ಕೊಡುತ್ತದೆ. ವುಡ್ಸ್ ಅವರ ವಲಯಗಳು ಇಲ್ಲಿ ಮತ್ತೆ ನೆರವಾಗುತ್ತವೆ: ಎದೆಗೆ, ತೋಳಿನ ಒಳಭಾಗಕ್ಕೆ ಜಾಲರಿ ಇರಲಿ, ಭುಜ ಮತ್ತು ಮೊಣಕೈಗೆ ಬೇಡ. ಪೂರ್ತಿ ಜಾಲರಿಯ ಜಾಕೆಟ್ ಬೇಸಿಗೆಗೆ ಹಿತ, ಡಾಂಬರಿಗೆ ದುರ್ಬಲ.

ಮೆತ್ತೆಯ ಚೀಟಿಯಲ್ಲಿ ಇಎನ್ 1621-1 ಎಂಬ ಸಂಖ್ಯೆ, ಹಂತ 1 ಅಥವಾ 2, ಯಾವ ಕೀಲಿಗೆ ಎಂಬ ಅಕ್ಷರ ಇರುತ್ತವೆ. ಕೆಲವದರಲ್ಲಿ 'ಟಿ' ಅಕ್ಷರದ ಪಕ್ಕ ಅಧಿಕ ಚಿಹ್ನೆ ಇರುತ್ತದೆ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಪರೀಕ್ಷೆ ದಾಟಿದೆ ಎಂದು ಅದರ ಅರ್ಥ. ಮೆದು ಪಾಲಿಮರ್ ಮೆತ್ತೆಗಳು ಶಾಖಕ್ಕೆ ಇನ್ನಷ್ಟು ಮೆದುವಾಗಿ ಗುಣ ಕಳೆದುಕೊಳ್ಳಬಹುದು. ಏಪ್ರಿಲ್‌ನ ರಾಯಚೂರಿನಲ್ಲಿ, ಕಲಬುರಗಿಯಲ್ಲಿ ನೆರಳೇ 40 ಡಿಗ್ರಿ ಮುಟ್ಟುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಸೀಟಿನ ಮೇಲೆ ಬಿಟ್ಟ ಕಪ್ಪು ಜಾಕೆಟ್ಟಿನದು ಕೇಳುವುದೇ ಬೇಡ. ಹಾಗೆಯೇ, ತೊಟ್ಟು ನೋಡುವಾಗ ಅಂಗಡಿಯ ಕನ್ನಡಿಯ ಮುಂದೆ ನೆಟ್ಟಗೆ ನಿಲ್ಲಬೇಡಿ. ಹೊರಗೆ ನಿಂತ ನಿಮ್ಮ ಗಾಡಿಯ ಮೇಲೆ ಕುಳಿತು ಹ್ಯಾಂಡಲ್ ಹಿಡಿಯಿರಿ. ಇನ್ನೊಬ್ಬರಿಗೆ ತೋಳಿನ ಬಟ್ಟೆಯನ್ನು ಹಿಡಿದು ತಿರುಚಲು ಹೇಳಿ. ಮೆತ್ತೆ ಮೊಣಕೈ ಬಿಟ್ಟು ಪಕ್ಕಕ್ಕೆ ಜಾರಿದರೆ, ರಸ್ತೆಯ ಮೇಲೆಯೂ ಅದು ಜಾರುವುದು ಅಲ್ಲಿಗೇ.